ಬ್ಯಾಕಪ್‌ಗೆ ಟೈಮ್ ಇಟ್ಟಾಯ್ತು, ಅದು ನಿಜವಾಗಿ ನಡೀತಾ ಇದೆಯಾ?

ಗಲ್ಫ್‌ನಲ್ಲಿ ಸಂಸಾರ ಮಾಡಿಕೊಂಡಿರುವವರ ಮನೆಯ ಲ್ಯಾಪ್‌ಟಾಪ್ ತೆರೆದು ನೋಡಿದರೆ ಅದರಲ್ಲಿ ಏನುಂಟು, ಏನಿಲ್ಲ! ಎಲ್ಲರ ಪಾಸ್‌ಪೋರ್ಟ್, ವೀಸಾ ಪ್ರತಿಗಳು, ಮಕ್ಕಳ ಜನನ ಪ್ರಮಾಣಪತ್ರ, ಊರಿನ ಮನೆ ಸಾಲ ಕಟ್ಟಿದ ರಸೀದಿ, ಎನ್‌ಆರ್‌ಇ ಖಾತೆಯ ಸ್ಟೇಟ್‌ಮೆಂಟ್, ಹತ್ತಾರು ವರ್ಷದ ಫೋಟೊ. ಸಣ್ಣ ಅಂಗಡಿ ನಡೆಸುವವರಾದರೆ ಲೆಕ್ಕದ ಫೈಲುಗಳೂ ಅಲ್ಲೇ. ಯುಎಇಯಲ್ಲಿ ವ್ಯಾಟ್ ದಾಖಲೆಗಳನ್ನು ಕನಿಷ್ಠ 5 ವರ್ಷ ಕಾಪಾಡಿಕೊಳ್ಳಬೇಕು ಅಂತ ನಿಯಮವೇ ಇದೆ. ಇಷ್ಟೂ ಇರುವುದು ಒಂದೇ ಡಿಸ್ಕಿನಲ್ಲಿ.

ಬ್ಯಾಕಪ್ ತಗೋಬೇಕು ಅಂತ ಎಲ್ಲರಿಗೂ ಗೊತ್ತು. ಆದರೆ ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ, ಅಡುಗೆ ಮಾಡಿ, ಊರಿಗೆ ಫೋನ್ ಮಾಡಿ ಮುಗಿಸುವ ಹೊತ್ತಿಗೆ ಅದು ಯಾರಿಗೆ ನೆನಪಿರುತ್ತೆ? ಆ ನೆನಪಿಡುವ ಕೆಲಸವನ್ನು ಕಂಪ್ಯೂಟರಿಗೇ ಒಪ್ಪಿಸಬಹುದು. ವಿಂಡೋಸ್‌ನಲ್ಲಿ ಇದಕ್ಕೆಂದೇ 'ಟಾಸ್ಕ್ ಶೆಡ್ಯೂಲರ್' ಇದೆ, ದುಡ್ಡು ಕೊಡಬೇಕಾಗಿಲ್ಲ. ಸ್ಟಾರ್ಟ್ ಮೆನುವಿನಲ್ಲಿ ಆ ಹೆಸರು ಟೈಪ್ ಮಾಡಿದರೆ ಸಿಗುತ್ತದೆ.

ಅದಕ್ಕೂ ಮೊದಲು ಒಂದು ಮಾತು. ವಿಂಡೋಸ್ ತಾನಾಗಿಯೇ ಕೆಲವು ಕೆಲಸ ಮಾಡಿಕೊಳ್ಳುತ್ತದೆ. ವಿಂಡೋಸ್ 10ರಲ್ಲಿ ಬೆಳಗಿನ ಜಾವ 2 ಗಂಟೆಗೆ 'ಆಟೋಮ್ಯಾಟಿಕ್ ಮೆಂಟೆನೆನ್ಸ್' ಅಂತ ಸಮಯ ನಿಗದಿಯಾಗಿರುತ್ತದೆ. ಆಗ ಯಂತ್ರ ಬಂದ್ ಆಗಿದ್ದರೆ ಮುಂದೆ ಯಾವಾಗಲಾದರೂ ಸುಮ್ಮನೆ ಇರುವಾಗ ಮಾಡಿ ಮುಗಿಸುತ್ತದೆ. ಡಿಸ್ಕ್ ಆಪ್ಟಿಮೈಸ್ ಮಾಡುವುದೂ ವಾರಕ್ಕೊಮ್ಮೆ ತಾನಾಗಿ ನಡೆಯುತ್ತದೆ. ಆದ್ದರಿಂದ 'ನಿಮ್ಮ ಪಿಸಿ ಸ್ಲೋ ಆಗಿದೆ, ಕ್ಲೀನ್ ಮಾಡಿ' ಎಂದು ಹೆದರಿಸುವ ಸಾಫ್ಟ್‌ವೇರ್‌ಗಳಿಗೆ ದಿರ್ಹಮ್ ಸುರಿಯುವ ಅಗತ್ಯ ಬಹುತೇಕ ಮನೆಗಳಲ್ಲಿ ಇಲ್ಲ.

ಜಾಗ ಖಾಲಿ ಮಾಡಲು 'ಸ್ಟೋರೇಜ್ ಸೆನ್ಸ್' ಅಂತ ಇನ್ನೊಂದು ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿದೆ. ಅದು ಒಳ್ಳೆಯದೇ, ಆದರೆ ಅದರೊಳಗೆ ಡೌನ್‌ಲೋಡ್ಸ್ ಫೋಲ್ಡರ್ ಬಗ್ಗೆ ಒಂದು ಆಯ್ಕೆ ಇರುತ್ತದೆ. 30 ದಿನ ಅಂತ ಇಟ್ಟರೆ, ಅಷ್ಟು ದಿನ ತೆರೆಯದ ಫೈಲುಗಳನ್ನು ಅಳಿಸಿಬಿಡುತ್ತದೆ. ವಾಟ್ಸಾಪ್ ವೆಬ್‌ನಲ್ಲಿ ಬಂದ ವೀಸಾ ಕಾಪಿ, ಸ್ಯಾಲರಿ ಸ್ಲಿಪ್ ಎಲ್ಲ ಬಿದ್ದಿರುವುದು ಅಲ್ಲೇ ತಾನೇ? 'ನೆವರ್' ಅಂತಲೇ ಇಡುವುದು ಕ್ಷೇಮ.

ಈಗ ಬ್ಯಾಕಪ್ ವಿಷಯ. ಟಾಸ್ಕ್ ಶೆಡ್ಯೂಲರ್‌ನಲ್ಲಿ 'ಕ್ರಿಯೇಟ್ ಬೇಸಿಕ್ ಟಾಸ್ಕ್' ಒತ್ತಿದರೆ ಯಾವಾಗ ಮಾಡಬೇಕು, ಯಾವ ಪ್ರೋಗ್ರಾಂ ನಡೆಸಬೇಕು ಅಂತ ಕೇಳುತ್ತದೆ. ಪ್ರೋಗ್ರಾಂ ಜಾಗದಲ್ಲಿ ವಿಂಡೋಸ್‌ನಲ್ಲೇ ಇರುವ 'ರೋಬೋಕಾಪಿ' ಕೊಡಬಹುದು. ಎಲ್ಲಿಂದ ಎಲ್ಲಿಗೆ ಅಂತ ಎರಡು ಫೋಲ್ಡರ್ ಹೆಸರು ಹೇಳಿದರೆ ಹೊಸದು, ಬದಲಾದದ್ದು ಮಾತ್ರ ನಕಲು ಮಾಡುತ್ತದೆ. ಹೆಸರುಗಳ ನಂತರ ಸ್ಲ್ಯಾಶ್ ಹಾಕಿ 'ಇ' ಅಕ್ಷರ ಸೇರಿಸಿದರೆ ಒಳಗಿನ ಫೋಲ್ಡರ್‌ಗಳೂ ಬರುತ್ತವೆ. 'ಎಂ ಐ ಆರ್' ಅಂತ ಸೇರಿಸಲು ಹಲವರು ಸಲಹೆ ಕೊಡುತ್ತಾರೆ. ಹುಷಾರು! ಹಾಗೆ ಮಾಡಿದರೆ ಲ್ಯಾಪ್‌ಟಾಪ್‌ನಲ್ಲಿ ತಪ್ಪಿ ಡಿಲೀಟ್ ಆದದ್ದು ಮುಂದಿನ ವಾರ ಬ್ಯಾಕಪ್‌ನಲ್ಲೂ ಡಿಲೀಟ್ ಆಗುತ್ತದೆ.

ರೋಬೋಕಾಪಿಗೆ ಇನ್ನೊಂದು ಹಠ ಇದೆ. ಬೇರೆ ಪ್ರೋಗ್ರಾಂ ಹಿಡಿದುಕೊಂಡಿರುವ ಫೈಲು ಸಿಕ್ಕರೆ, ನಾವೇನೂ ಹೇಳದಿದ್ದರೆ, 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಪ್ರಯತ್ನಿಸುತ್ತಾ ಕೂರುತ್ತದೆ. ಅಂದರೆ ಸುಮಾರು ಒಂದು ವರ್ಷ! ಸ್ಲ್ಯಾಶ್ 'ಆರ್', ಕೋಲನ್, 1 ಎಂದೂ ಸ್ಲ್ಯಾಶ್ 'ಡಬ್ಲ್ಯು', ಕೋಲನ್, 1 ಎಂದೂ ಸೇರಿಸಿದರೆ ಒಂದೇ ಸಲ ಮತ್ತೆ ನೋಡಿ ಮುಂದೆ ಹೋಗುತ್ತದೆ.

ಇಷ್ಟು ಮಾಡಿ ಹೆಚ್ಚಿನವರು ನೆಮ್ಮದಿಯಾಗಿಬಿಡುತ್ತಾರೆ. ಎಡವುವುದು ಇಲ್ಲೇ. ಒಬ್ಬರು ಪ್ರತಿ ಗುರುವಾರ ರಾತ್ರಿ 11ಕ್ಕೆ ಬ್ಯಾಕಪ್ ಅಂತ ಇಟ್ಟರು ಎಂದುಕೊಳ್ಳಿ. ಮೊದಲ ವಾರ ಲ್ಯಾಪ್‌ಟಾಪ್ ಚಾರ್ಜರ್ ಇಲ್ಲದೆ ಮಂಚದ ಮೇಲಿತ್ತು, ಕೆಲಸ ನಡೆಯಲಿಲ್ಲ. ಎರಡನೇ ವಾರ ಹತ್ತೂವರೆಗೇ ಬಂದ್ ಮಾಡಿ ಮಲಗಿದರು, ಆಗಲೂ ಇಲ್ಲ. ಪರದೆ ಮೇಲೆ ಒಂದು ಎಚ್ಚರಿಕೆಯೂ ಬರುವುದಿಲ್ಲ. ಹೀಗೇ ಎಂಟು ತಿಂಗಳು ಕಳೆದು ಡಿಸ್ಕ್ ಹೋದ ದಿನ ನೋಡಿದರೆ ಬ್ಯಾಕಪ್ ಖಾಲಿ.

ಇದಕ್ಕೆ ಕಾರಣ ಟಾಸ್ಕ್ ಜೊತೆ ಬರುವ ಮೂಲ ಷರತ್ತುಗಳು. ಟಾಸ್ಕ್ ಮೇಲೆ ಡಬಲ್ ಕ್ಲಿಕ್ ಮಾಡಿ 'ಕಂಡಿಷನ್ಸ್' ತೆರೆದರೆ, ಕರೆಂಟಿಗೆ ಜೋಡಿಸಿದ್ದಾಗ ಮಾತ್ರ ಶುರು ಮಾಡು ಎನ್ನುವುದಕ್ಕೆ ಆಗಲೇ ಟಿಕ್ ಬಿದ್ದಿರುತ್ತದೆ. ಅದನ್ನು ತೆಗೆಯಬೇಕು, ಇಲ್ಲವೇ ಆ ಹೊತ್ತಿಗೆ ಚಾರ್ಜರ್ ಹಾಕುವ ಅಭ್ಯಾಸ ಬೇಕು. 'ಸೆಟ್ಟಿಂಗ್ಸ್' ಟ್ಯಾಬ್‌ನಲ್ಲಿ, ಸಮಯ ತಪ್ಪಿದರೆ ಆದಷ್ಟು ಬೇಗ ನಡೆಸು ಎಂಬ ಸಾಲು ಇದೆ. ಅದಕ್ಕೆ ಟಿಕ್ ಇರುವುದಿಲ್ಲ, ನಾವೇ ಹಾಕಬೇಕು. ನಿದ್ದೆಯಲ್ಲಿರುವ ಕಂಪ್ಯೂಟರನ್ನು ಎಬ್ಬಿಸುವ ಆಯ್ಕೆಯೂ ಉಂಟು, ಆದರೆ ಪೂರ್ತಿ ಶಟ್‌ಡೌನ್ ಆದದ್ದನ್ನು ಅದು ಎಬ್ಬಿಸಲಾರದು. ಹೇಗೂ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಕೂರುವ ಹೊತ್ತನ್ನೇ ಆರಿಸಿಕೊಂಡರೆ ಈ ತಲೆನೋವೇ ಇಲ್ಲ.

ನಡೆದಿದೆಯೋ ಇಲ್ಲವೋ ತಾಳೆ ನೋಡುವುದು ಹೇಗೆ? ಪಟ್ಟಿಯಲ್ಲಿ 'ಲಾಸ್ಟ್ ರನ್ ಟೈಮ್' ಮತ್ತು 'ಲಾಸ್ಟ್ ರನ್ ರಿಸಲ್ಟ್' ಅಂತ ಎರಡು ಕಾಲಂ ಇವೆ. ರಿಸಲ್ಟ್‌ನಲ್ಲಿ ಸಾಮಾನ್ಯವಾಗಿ 0 ಅಂದರೆ ಸರಿಯಾಗಿದೆ, ಬೇರೆ ಸಂಖ್ಯೆ ಅಂದರೆ ತೊಂದರೆ. ರೋಬೋಕಾಪಿ ಮಾತ್ರ ಇದಕ್ಕೆ ಅಪವಾದ. ಅದರಲ್ಲಿ 1 ಬಂದರೆ ಹೊಸ ಫೈಲುಗಳು ನಕಲಾದವು ಅಂತ, 0 ಬಂದರೆ ನಕಲು ಮಾಡಲು ಹೊಸದೇನೂ ಇರಲಿಲ್ಲ ಅಂತ. 8 ಅಥವಾ ಅದಕ್ಕಿಂತ ಮೇಲೆ ಹೋದರೆ ಮಾತ್ರ ಏನೋ ಕೆಟ್ಟಿದೆ. ಇದು ಗೊತ್ತಿಲ್ಲದೆ 1 ನೋಡಿ ಗಾಬರಿಯಾಗಿ ಇಡೀ ಟಾಸ್ಕನ್ನೇ ಅಳಿಸಿ ಹಾಕುವವರೂ ಇದ್ದಾರೆ. ವಾರಗಟ್ಟಲೆ 0 ಬರುತ್ತಿದ್ದರೂ ಸಂಶಯಪಡಬೇಕು, ಎಲ್ಲಿಂದ ನಕಲು ಮಾಡಬೇಕೋ ಆ ಫೋಲ್ಡರ್ ಹೆಸರೇ ತಪ್ಪಿರಬಹುದು. ಹೊರಗಿನ ಡಿಸ್ಕಿಗೆ ಈ ವಾರ 'ಇ' ಅಕ್ಷರ, ಪೆನ್‌ಡ್ರೈವ್ ಮೊದಲು ಚುಚ್ಚಿದ ವಾರ 'ಎಫ್' ಆಗುವುದೂ ಉಂಟು. 'ಡಿಸ್ಕ್ ಮ್ಯಾನೇಜ್‌ಮೆಂಟ್'ನಲ್ಲಿ ಅದಕ್ಕೆ ಕೊನೆಯ ಕಡೆಯ ಒಂದು ಅಕ್ಷರ ಕೊಟ್ಟುಬಿಟ್ಟರೆ ಈ ಗೊಂದಲ ಇರುವುದಿಲ್ಲ.

ರಜೆಗೆ ಊರಿಗೆ ಹೋಗುವಾಗ ಸಮಯದ ಪ್ರಶ್ನೆ ಬರುತ್ತದೆ. ದುಬೈಗಿಂತ ಊರು ಒಂದೂವರೆ ಗಂಟೆ ಮುಂದೆ, ಸೌದಿ, ಕುವೈತ್, ಕತಾರ್‌ಗಿಂತ ಎರಡೂವರೆ ಗಂಟೆ. ಟಾಸ್ಕ್ ಶೆಡ್ಯೂಲರ್ ನೋಡುವುದು ಲ್ಯಾಪ್‌ಟಾಪ್‌ನ ಗಡಿಯಾರವನ್ನು. ಟೈಮ್ ಝೋನ್ ಭಾರತಕ್ಕೆ ಬದಲಾಯಿಸಿದರೆ ರಾತ್ರಿ 9ರ ಕೆಲಸ ಮಂಗಳೂರಿನ 9ಕ್ಕೇ ನಡೆಯುತ್ತದೆ. ಬದಲಾಯಿಸದಿದ್ದರೆ ಹತ್ತೂವರೆಗೋ ಹನ್ನೊಂದೂವರೆಗೋ, ಅಷ್ಟರಲ್ಲಿ ಊರಲ್ಲಿ ಎಲ್ಲರೂ ಮಲಗಿ ಆಗಿರುತ್ತದೆ.

ಕೆಲಸ ಮುಗಿದ ಮೇಲೆ ಡಿಸ್ಕನ್ನು ಕಳಚಿಡಬೇಕು. ಸದಾ ಚುಚ್ಚಿಟ್ಟರೆ ಲ್ಯಾಪ್‌ಟಾಪಿಗೆ ರ‍್ಯಾನ್ಸಮ್‌ವೇರ್ ಬಡಿದ ದಿನ ಬ್ಯಾಕಪ್‌ಗೂ ಬಡಿಯುತ್ತದೆ. ತಿಂಗಳಿಗೊಮ್ಮೆ, ಸಂಬಳ ಬಂದ ದಿನ ಅಂತಲೇ ಇಟ್ಟುಕೊಳ್ಳಿ, ಆ ಡಿಸ್ಕಿನಿಂದ ಒಂದು ಫೋಟೊ, ಒಂದು ಪಿಡಿಎಫ್, ಒಂದು ಲೆಕ್ಕದ ಫೈಲು ತೆರೆದು ನೋಡಬೇಕು. ಊರಿಗೆ ಹೊರಡುವಾಗ ಲ್ಯಾಪ್‌ಟಾಪ್ ಇರುವ ಬ್ಯಾಗಿಗೇ ಡಿಸ್ಕನ್ನೂ ಹಾಕಬೇಡಿ.