ದೆಹಲಿಯಲ್ಲಿ ಕೊಡಗಿನ ದನಿ

ಚುನಾವಣೆ ಬಂದಾಗ ಮತಗಟ್ಟೆಯ ಮುಂದೆ ಸಾಲುಗಟ್ಟಿ ನಿಲ್ಲುವ ನಾವು, ನಮ್ಮ ಊರು ಯಾವ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ, ಏಕೆ ಸೇರಿದೆ ಎಂದು ವಿಚಾರಿಸುವುದು ವಿರಳ. ಕ್ಷೇತ್ರದ ಗಡಿಯೂ ಹೊಳೆ ಬೆಟ್ಟಗಳಂತೆ ಮೊದಲಿನಿಂದ ಇದ್ದದ್ದೇ ಎಂದು ಭಾವಿಸಿಬಿಡುತ್ತೇವೆ. ಆದರೆ ಆ ಗೆರೆಯನ್ನು ಎಳೆದವರು ಮನುಷ್ಯರು. ಅದು ಸರಿದಾಗ ಒಂದು ನಾಡಿನ ಮಾತಿಗಿರುವ ತೂಕವೂ ಏರುಪೇರಾಗುತ್ತದೆ. ಇದನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ; ಘಟ್ಟದ ಮೇಲಿನ ನಮ್ಮ ನೆರೆಯ ಕೊಡಗಿನ ಚರಿತ್ರೆಯನ್ನು ನೋಡಿದರೆ ಸಾಕು. ಒಂದು ಕಾಲಕ್ಕೆ ಪ್ರತ್ಯೇಕ ಪ್ರಾಂತ್ಯವಾಗಿ ತನ್ನದೇ ಸದಸ್ಯರನ್ನು ದೆಹಲಿಗೆ ಕಳುಹಿಸಿದ ಆ ನಾಡು, ಇಂದು ಮತ್ತೊಂದು ಜಿಲ್ಲೆಯ ಹೆಸರಿನ ಕ್ಷೇತ್ರದಲ್ಲಿ ಕಾಲು ಪಾಲಿನ ಹಕ್ಕುದಾರ.

ದನಿಯಿಲ್ಲದ ಪ್ರಾಂತ್ಯ

1834ರಲ್ಲಿ ಬ್ರಿಟಿಷರು ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ರಾಜ್ಯವನ್ನು ವಶಪಡಿಸಿಕೊಂಡರು. ಮುಂದೆ ಅದು ಚೀಫ್ ಕಮಿಷನರರ ಆಡಳಿತಕ್ಕೆ ಒಳಪಟ್ಟ ಪುಟ್ಟ ಪ್ರಾಂತ್ಯವಾಯಿತು. ಬಹುಕಾಲ ಮೈಸೂರಿನ ರೆಸಿಡೆಂಟರೇ ಪದನಿಮಿತ್ತ ಕೊಡಗಿನ ಚೀಫ್ ಕಮಿಷನರರೂ ಆಗಿದ್ದರು.

1924ರಲ್ಲಿ ಕೊಡಗಿಗೆ ತನ್ನದೇ ಆದ ಶಾಸನ ಪರಿಷತ್ತು ದೊರೆಯಿತು. ಇದೇನೂ ಸಣ್ಣ ಸಂಗತಿಯಲ್ಲ. ಆದರೆ ದೆಹಲಿಯ ಕೇಂದ್ರ ಶಾಸನ ಸಭೆಯಲ್ಲಿ ಕೊಡಗಿನಿಂದ ಆರಿಸಿಬಂದ ಸದಸ್ಯರು ಯಾರೂ ಇರಲಿಲ್ಲ. ಅದರಂತೆಯೇ ಚೀಫ್ ಕಮಿಷನರರ ಪ್ರಾಂತ್ಯಗಳಾಗಿದ್ದ ದೆಹಲಿಗೂ ಅಜ್ಮೀರಕ್ಕೂ ತಲಾ ಒಂದು ಸ್ಥಾನವಿದ್ದರೆ, ಕೊಡಗಿನ ಪಾಲಿಗೆ ಮೌನವೇ ಉಳಿದಿತ್ತು. 1935ರ ಭಾರತ ಸರ್ಕಾರ ಕಾಯಿದೆಯು ಒಕ್ಕೂಟದ ಎರಡೂ ಸದನಗಳಲ್ಲಿ ಕೊಡಗಿಗೆ ಒಂದೊಂದು ಸ್ಥಾನವನ್ನು ನಿಗದಿಪಡಿಸಿತು. ಆದರೆ ಆ ಒಕ್ಕೂಟವು ಕಾಗದದ ಮೇಲೆಯೇ ಉಳಿದುದರಿಂದ ಆ ಸ್ಥಾನಗಳೂ ಕಾಗದದ ಮೇಲೆಯೇ ಉಳಿದವು.

ಸಂವಿಧಾನ ರಚನಾ ಸಭೆಯನ್ನು ಕರೆದಾಗ ಮೊದಲ ಬಾರಿಗೆ ಈ ಮೌನ ಮುರಿಯಿತು. ದೆಹಲಿ ಮತ್ತು ಅಜ್ಮೀರಗಳ ಪರವಾಗಿ ಕೇಂದ್ರ ಶಾಸನ ಸಭೆಯ ಸದಸ್ಯರೇ ಹೋಗುವುದೆಂದೂ, ಕೊಡಗಿನ ಪ್ರತಿನಿಧಿಯನ್ನು ಅಲ್ಲಿನ ಶಾಸನ ಪರಿಷತ್ತು ಆರಿಸುವುದೆಂದೂ 1946ರ ಕ್ಯಾಬಿನೆಟ್ ಮಿಷನ್ ಯೋಜನೆಯಲ್ಲಿ ಸೂಚಿಸಲಾಗಿತ್ತು. ಆ ಸಭೆಯಲ್ಲಿ ಕೊಡಗನ್ನು ಪ್ರತಿನಿಧಿಸಿದವರು ಸಿ.ಎಂ. ಪೂಣಚ್ಚ. ಮುಂದೆ ಕೊಡಗಿನ ರಾಜಕೀಯ ಚರಿತ್ರೆಯ ಪ್ರತಿಯೊಂದು ತಿರುವಿನಲ್ಲಿಯೂ ಇವರ ಹೆಸರನ್ನು ಕಾಣುತ್ತೇವೆ.

ಒಂದು ಪೂರ್ಣ ಸ್ಥಾನ

1950ರಲ್ಲಿ ಸಂವಿಧಾನವು ಜಾರಿಗೆ ಬಂದಾಗ ಕೊಡಗು 'ಸಿ' ವರ್ಗದ ರಾಜ್ಯವಾಯಿತು. ದೊಡ್ಡ ರಾಜ್ಯಗಳಿಗೆ ಐದು ಲಕ್ಷದಿಂದ ಏಳೂವರೆ ಲಕ್ಷ ಜನರಿಗೆ ಒಬ್ಬ ಲೋಕಸಭಾ ಸದಸ್ಯನೆಂಬ ಅಳತೆಯನ್ನು ಸಂವಿಧಾನವು ಅಂದು ವಿಧಿಸಿತ್ತು. 'ಸಿ' ವರ್ಗದ ರಾಜ್ಯಗಳ ವಿಷಯವನ್ನು ಮಾತ್ರ ಸಂಸತ್ತಿನ ವಿವೇಚನೆಗೆ ಬಿಡಲಾಗಿತ್ತು. 1951ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ 2,29,405. ಸಾಮಾನ್ಯ ಅಳತೆಯನ್ನು ಹಿಡಿದಿದ್ದರೆ ಅರ್ಧ ಸ್ಥಾನವೂ ಸಿಗುತ್ತಿರಲಿಲ್ಲ. ಆದರೂ ರಾಜ್ಯವೆಂಬ ಕಾರಣಕ್ಕೆ ಕೊಡಗಿಗೆ ಲೋಕಸಭೆಯಲ್ಲಿ ಒಂದು ಪೂರ್ಣ ಸ್ಥಾನ ಲಭಿಸಿತು. ಮೊದಲ ಮಹಾಚುನಾವಣೆಯಲ್ಲಿ ಆ ಸ್ಥಾನಕ್ಕೆ ಆಯ್ಕೆಯಾದವರು ಕಾಂಗ್ರೆಸ್ಸಿನ ಎನ್. ಸೋಮಣ್ಣ.

ರಾಜ್ಯಸಭೆಯಲ್ಲಿ ಮಾತ್ರ ವಿಚಿತ್ರವಾದ ಏರ್ಪಾಡಾಯಿತು. ಕೊಡಗು ಮತ್ತು ಅಜ್ಮೀರ ಎರಡಕ್ಕೂ ಸೇರಿ ಒಂದೇ ಸ್ಥಾನ! ಕಾವೇರಿಯ ಉಗಮಸ್ಥಾನಕ್ಕೂ ರಾಜಸ್ಥಾನದ ಮರುಭೂಮಿಯ ಅಂಚಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದಿತ್ತು. ಎರಡೂ ಚಿಕ್ಕವು ಎಂಬುದೊಂದೇ ಸಂಬಂಧ.

ಅದೇ ಕಾಲದಲ್ಲಿ ಕೊಡಗಿಗೆ 24 ಸ್ಥಾನಗಳ ಶಾಸನಸಭೆಯೂ ಇತ್ತು. 1952ರ ಚುನಾವಣೆಯಲ್ಲಿ ಕಾಂಗ್ರೆಸ್ 15 ಸ್ಥಾನಗಳನ್ನು ಗೆದ್ದು ಪೂಣಚ್ಚನವರು ಮುಖ್ಯಮಂತ್ರಿಗಳಾದರು. ಉಳಿದ 9 ಸ್ಥಾನಗಳು ಪಕ್ಷೇತರರ ಪಾಲಾದವು. ಮೈಸೂರಿನೊಡನೆ ವಿಲೀನವಾಗಬೇಕೇ, ಪ್ರತ್ಯೇಕವಾಗಿ ಉಳಿಯಬೇಕೇ ಎಂಬುದೇ ಅಂದಿನ ಬಿಸಿ ಚರ್ಚೆ. ವಿಲೀನವನ್ನು ಬಯಸಿದವರಿಗೆ ಕನ್ನಡ ನಾಡಿನ ಏಕೀಕರಣ ದೊಡ್ಡದಾಗಿ ಕಂಡಿತು. ವಿರೋಧಿಸಿದವರಿಗೆ ಚಿಕ್ಕ ನಾಡಿನ ದನಿ ದೊಡ್ಡ ರಾಜ್ಯದ ಗದ್ದಲದಲ್ಲಿ ಅಡಗಿಹೋದೀತೆಂಬ ಆತಂಕವಿತ್ತು. ಎರಡೂ ಕಡೆಯವರು ತಮ್ಮ ನಾಡನ್ನು ಪ್ರೀತಿಸಿದವರೇ ಎಂಬುದನ್ನು ನಾವು ಮರೆಯಲಾಗದು. ಕೊನೆಗೆ ರಾಜ್ಯ ಪುನರ್ವಿಂಗಡಣಾ ಆಯೋಗದ ಶಿಫಾರಸಿನಂತೆ 1956ರ ನವೆಂಬರ್ 1ರಂದು ಕೊಡಗು ವಿಶಾಲ ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. ಅಂದೇ ದಕ್ಷಿಣ ಕನ್ನಡವೂ ಮದರಾಸಿನಿಂದ ಬೇರ್ಪಟ್ಟು ಇದೇ ರಾಜ್ಯಕ್ಕೆ ಬಂದಿತು.

ಕರಾವಳಿಯ ಜೊತೆಗೆ

ವಿಲೀನದೊಡನೆ ಕೊಡಗಿನ ಪ್ರತ್ಯೇಕ ಲೋಕಸಭಾ ಸ್ಥಾನವೂ ಮುಗಿಯಿತು. ಮುಂದಿನ ದಶಕಗಳಲ್ಲಿ ಅದು ಮಂಗಳೂರು ಕ್ಷೇತ್ರದ ಭಾಗವಾಗಿತ್ತು. ಇಲ್ಲಿಂದ ಈ ಕಥೆ ನಮ್ಮ ಮನೆಯ ಕಥೆಯೂ ಆಗುತ್ತದೆ. ಕಾಫಿ ತೋಟದ ಮತದಾರನೂ ಮೀನುಗಾರಿಕೆಯ ಬಂದರಿನ ಮತದಾರನೂ ಒಬ್ಬರೇ ಸದಸ್ಯರನ್ನು ಆರಿಸುತ್ತಿದ್ದರು. ಧರ್ಮಪ್ರಾಂತ್ಯದ ಗಡಿಯಾದರೋ ಬೇರೆಯೇ ದಾರಿ ಹಿಡಿದಿತ್ತು. 1792ರಷ್ಟು ಹಿಂದೆ ಸ್ಥಾಪಿತವಾದ ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ ಕುಟುಂಬಗಳು ಪೂಜೆಗೆ ಮೈಸೂರು ಧರ್ಮಪ್ರಾಂತ್ಯದವರು, ಮತಕ್ಕೆ ಮಂಗಳೂರಿನವರು.

1967ರಲ್ಲಿ ಈ ಜೊತೆಗಾರಿಕೆಯು ಕೊಡಗಿಗೆ ಒಲಿಯಿತು. ಮಂಗಳೂರು ಕ್ಷೇತ್ರದಿಂದ ಪೂಣಚ್ಚನವರೇ ಲೋಕಸಭೆಗೆ ಆಯ್ಕೆಯಾಗಿ, ಕೇಂದ್ರದ ರೈಲ್ವೆ ಸಚಿವರೂ ಆದರು. ಕರಾವಳಿಯ ಮತದಾರರು ಘಟ್ಟದ ಮೇಲಿನವರನ್ನು ತಮ್ಮವರೆಂದು ಒಪ್ಪಿಕೊಂಡ ಆ ಚುನಾವಣೆ ಸ್ಮರಣೀಯ. ಆದರೆ ರೈಲ್ವೆ ಸಚಿವರನ್ನು ಕೊಟ್ಟ ಕೊಡಗಿಗೆ ಇಂದಿಗೂ ರೈಲು ಬಂದಿಲ್ಲ!

ಆ ಬಳಿಕ 1971ರಲ್ಲಿ ಕೆ.ಕೆ. ಶೆಟ್ಟಿ, 1977ರಿಂದ ನಾಲ್ಕು ಬಾರಿ ಜನಾರ್ದನ ಪೂಜಾರಿ, 1991ರಿಂದ ನಾಲ್ಕು ಬಾರಿ ವಿ. ಧನಂಜಯ ಕುಮಾರ್, 2004ರಲ್ಲಿ ಡಿ.ವಿ. ಸದಾನಂದ ಗೌಡ ಈ ಕ್ಷೇತ್ರವನ್ನು ಪ್ರತಿನಿಧಿಸಿದರು. ಇವರೆಲ್ಲರೂ ಘಟ್ಟದ ಕೆಳಗಿನವರು. ಎಂಟು ವಿಧಾನಸಭಾ ಕ್ಷೇತ್ರಗಳ ಪೈಕಿ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂಬ ಮೂರು ಮಾತ್ರ ಕೊಡಗಿನವಾಗಿದ್ದುದರಿಂದ ಇದು ಸಹಜವೂ ಹೌದು.

ಮೈಸೂರಿನತ್ತ

2002ರ ಕಾಯಿದೆಯಂತೆ ನಡೆದ ಕ್ಷೇತ್ರ ಪುನರ್ವಿಂಗಡಣೆಯು 2008ರಲ್ಲಿ ಜಾರಿಗೆ ಬಂದಿತು. ಕೊಡಗಿನ ಮೂರು ವಿಧಾನಸಭಾ ಕ್ಷೇತ್ರಗಳಲ್ಲಿ ಸೋಮವಾರಪೇಟೆ ಮರೆಯಾಗಿ ಎರಡು ಉಳಿದವು. ಅವೆರಡೂ ಮೈಸೂರು ಲೋಕಸಭಾ ಕ್ಷೇತ್ರಕ್ಕೆ ಸೇರಿದವು. ಅಲ್ಲಿಯೂ ಎಂಟು ವಿಧಾನಸಭಾ ಕ್ಷೇತ್ರಗಳು. ಎಂಟರಲ್ಲಿ ಮೂರಿದ್ದ ಕೊಡಗಿನ ಪಾಲು ಎಂಟರಲ್ಲಿ ಎರಡಕ್ಕೆ ಇಳಿಯಿತು. ಹೊಸ ಕ್ಷೇತ್ರದಿಂದ 2009ರಲ್ಲಿ ಎ.ಎಚ್. ವಿಶ್ವನಾಥ್, 2014 ಮತ್ತು 2019ರಲ್ಲಿ ಪ್ರತಾಪ ಸಿಂಹ, 2024ರಲ್ಲಿ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಆಯ್ಕೆಯಾದರು. ಪೂಣಚ್ಚನವರ ನಂತರ 2024ರವರೆಗೆ ಮಂಗಳೂರಿನಿಂದಾಗಲಿ ಮೈಸೂರಿನಿಂದಾಗಲಿ ಕೊಡಗಿನವರೊಬ್ಬರು ಲೋಕಸಭೆಗೆ ಆರಿಸಿಹೋಗಿಲ್ಲ.

ಮುಂದೇನು ಎಂಬ ಪ್ರಶ್ನೆ ಇನ್ನೂ ಗಂಭೀರವಾದುದು. 2001ರಲ್ಲಿ 5,48,561 ಇದ್ದ ಕೊಡಗಿನ ಜನಸಂಖ್ಯೆ 2011ರಲ್ಲಿ 5,54,519. ಹತ್ತು ವರ್ಷಗಳಲ್ಲಿ ಶೇಕಡಾ ಒಂದರಷ್ಟು ಮಾತ್ರ ಏರಿಕೆ. ಅದೇ ಅವಧಿಯಲ್ಲಿ ಇಡೀ ಕರ್ನಾಟಕದ ಏರಿಕೆ ಶೇಕಡಾ 15.6. ಜನಸಂಖ್ಯೆಯೊಂದೇ ಅಳತೆಗೋಲಾದರೆ, ಪ್ರತಿಯೊಂದು ಪುನರ್ವಿಂಗಡಣೆಯಲ್ಲಿಯೂ ಇಂತಹ ನಾಡಿನ ಪಾಲು ಕರಗುತ್ತಲೇ ಹೋಗುವುದು ಅನಿವಾರ್ಯ. ಜನಸಂಖ್ಯೆ ನಿಧಾನವಾಗಿ ಬೆಳೆದ ರಾಜ್ಯಗಳಿಗೂ ಇದೇ ಅಳುಕು. ಆ ಕಾರಣದಿಂದಲೇ ರಾಜ್ಯಗಳ ಲೋಕಸಭಾ ಸ್ಥಾನಗಳ ಸಂಖ್ಯೆಯನ್ನು 1976ರ ತಿದ್ದುಪಡಿಯು 1971ರ ಜನಗಣತಿಗೆ ಕಟ್ಟಿಹಾಕಿತು. 2001ರ ತಿದ್ದುಪಡಿಯು ಆ ಕಟ್ಟನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ವಿಸ್ತರಿಸಿತು. ಆದರೆ ಈ ರಕ್ಷಣೆ ರಾಜ್ಯಗಳಿಗೆ ಮಾತ್ರ. ರಾಜ್ಯದೊಳಗಿನ ಚಿಕ್ಕ ಜಿಲ್ಲೆಗೆ ಅಂತಹ ಆಸರೆ ಇಲ್ಲ.

ನಮ್ಮ ಹೊಣೆ

ಒಬ್ಬನಿಗೆ ಒಂದು ಮತ, ಪ್ರತಿ ಮತಕ್ಕೂ ಸಮಾನ ಬೆಲೆ ಎಂಬ ತತ್ತ್ವವು ಪ್ರಜಾಪ್ರಭುತ್ವದ ಬುನಾದಿ. ಅದನ್ನು ಅಲುಗಿಸಿ ಪ್ರತಿಯೊಂದು ಚಿಕ್ಕ ನಾಡಿಗೂ ಪೂರ್ಣ ಸ್ಥಾನ ಕೊಡಬೇಕೆಂದು ನಾವು ವಾದಿಸುತ್ತಿಲ್ಲ. 1952ರ ಕೊಡಗಿಗೆ ಸಿಕ್ಕಿದ್ದು ವಿಶೇಷ ಕೊಡುಗೆಯೇ ಹೌದು. ಆದರೆ ಅಂಕಿಸಂಖ್ಯೆಯ ನ್ಯಾಯವನ್ನು ಪಾಲಿಸಿದ ಮೇಲೂ ಉಳಿಯುವ ಒಂದು ಸಾಲವಿದೆ. ಕ್ಷೇತ್ರದಲ್ಲಿ ಹೆಚ್ಚು ಮತಗಳುಳ್ಳವರು ಕಡಿಮೆ ಮತಗಳುಳ್ಳವರ ಕಷ್ಟಸುಖವನ್ನು ತಮ್ಮದೆಂದು ಎತ್ತಿಕೊಂಡಾಗ ಮಾತ್ರ ಅದು ತೀರುತ್ತದೆ.

ಇಷ್ಟು ಕಾಲ ಒಬ್ಬರೇ ಸದಸ್ಯರನ್ನು ಹಂಚಿಕೊಂಡಿದ್ದಾಗ ಕರಾವಳಿಯ ನಾವು ಕೊಡಗಿನ ಬೇಡಿಕೆಗಳ ಪಟ್ಟಿಯನ್ನು ಎಷ್ಟು ಸಲ ಕೇಳಿ ತಿಳಿದುಕೊಂಡೆವು? ಅಭ್ಯರ್ಥಿಗಳು ನಮ್ಮ ಮನೆ ಬಾಗಿಲಿಗೆ ಬಂದಾಗ, ಘಟ್ಟದ ಮೇಲಿನವರಿಗೆ ಏನು ಮಾಡುವಿರಿ ಎಂದು ನಮ್ಮಲ್ಲಿ ಎಷ್ಟು ಮಂದಿ ಪ್ರಶ್ನಿಸಿದೆವು? ಉತ್ತರ ನಮ್ಮ ಅಂತಃಕರಣಕ್ಕೆ ಗೊತ್ತಿದೆ. ಇಂದು ಆ ಪ್ರಶ್ನೆ ಮೈಸೂರಿನ ಮತದಾರರ ಮುಂದಿದೆ. ನಾಳೆ ಗೆರೆಗಳು ಮತ್ತೆ ಸರಿದಾಗ ಯಾವ ಚಿಕ್ಕ ತಾಲೂಕು ನಮ್ಮ ಕ್ಷೇತ್ರದ ಅಂಚಿಗೆ ಬಂದು ಸೇರುವುದೋ ಹೇಳಲಾಗದು. ಅಥವಾ ನಾವೇ ಮತ್ತೊಬ್ಬರ ಅಂಚಿಗೆ ಸೇರಬಹುದು. ಅಂದು ನಮ್ಮ ಪರವಾಗಿ ಯಾರಾದರೂ ಕೇಳಲೆಂದು ನಾವು ಬಯಸುವ ಪ್ರಶ್ನೆಯನ್ನು, ಮುಂದಿನ ಚುನಾವಣೆಯಲ್ಲಿ ನಾವೇ ಇನ್ನೊಬ್ಬರ ಪರವಾಗಿ ಕೇಳೋಣ.