ಮೂತ್ರಕೋಶದ ನೋವನ್ನು ಬೆಳಕಿನಲ್ಲಿ ಕಾಣುವ ಬಗೆ

ಕಾಫಿ ಗಿಡದ ಕಾಂಡಕ್ಕೆ ಕೊರಕ ಹೊಕ್ಕಿದ್ದರೆ ಎಲೆ ಹಳದಿಯಾಗುತ್ತದೆ. ಎಷ್ಟು ಗೊಬ್ಬರ ಹಾಕಿದರೂ ಫಲವಿಲ್ಲ. ಒಳಗೆ ನೋಡಲೇಬೇಕು. ಮೂತ್ರಕೋಶದ ಒಂದು ಬೇನೆಯೂ ಹೀಗೆಯೇ.

ಮೂತ್ರ ತುಂಬುತ್ತ ಬಂದಂತೆ ಕಿಬ್ಬೊಟ್ಟೆಯಲ್ಲಿ ನೋವು ಏರುವುದು, ಮೂತ್ರ ಹೋದ ಮೇಲೆ ತುಸು ಇಳಿಯುವುದು, ರಾತ್ರಿಯೆಲ್ಲ ಮೇಲಿಂದ ಮೇಲೆ ಏಳುವುದು ಇದರ ಲಕ್ಷಣಗಳು. ಹೆಂಗಸರಲ್ಲಿ ಹೆಚ್ಚು. ಮೂತ್ರ ಪರೀಕ್ಷೆಯಲ್ಲಿ ಸೋಂಕು ಕಾಣದು. ಆದರೂ ಸೋಂಕಿನ ಗುಳಿಗೆಗಳನ್ನೇ ಮತ್ತೆ ಮತ್ತೆ ನುಂಗುವವರುಂಟು. ಕೊನೆಗೆ ಮನೆಯವರು ಮನಸ್ಸಿನ ಭ್ರಮೆ ಎಂದುಬಿಡುತ್ತಾರೆ. ಇದು ಭ್ರಮೆಯಲ್ಲ ಎಂದು ಸದಸ್ಯ ಬಾಂಧವರಿಗೆ ತಿಳಿಸುವುದೇ ನಮ್ಮ ಉದ್ದೇಶ.

ಮೂತ್ರನಾಳದ ಮೂಲಕ ಬೆಳಕಿನ ಸಣ್ಣ ಕೊಳವೆಯನ್ನು ಇಳಿಸಿ ಒಳಗೋಡೆಯನ್ನು ನೋಡುವ ಪರೀಕ್ಷೆಗೆ ಸಿಸ್ಟೋಸ್ಕೋಪಿ ಎನ್ನುತ್ತಾರೆ. ಅಮೆರಿಕದ ಡಾ. ಗೈ ಹನ್ನರ್ ಇಂಥ ನೋವಿದ್ದ ಹೆಂಗಸರ ಮೂತ್ರಕೋಶದಲ್ಲಿ ಕಂಡ ಹುಣ್ಣುಗಳನ್ನು 1915ರಲ್ಲಿ ವರ್ಣಿಸಿದರು. ಆದರೆ ಸಾಮಾನ್ಯ ಬಿಳಿ ಬೆಳಕಿನಲ್ಲಿ ಈ ಹುಣ್ಣು ಕಣ್ಣು ತಪ್ಪಿಸಬಹುದು.

ಅದಕ್ಕಾಗಿ ಈಗ ನೀಲಿ ಮತ್ತು ಹಸಿರು ಬೆಳಕನ್ನು ಮಾತ್ರ ಬಿಟ್ಟು ನೋಡುವ ಕ್ರಮವೂ ಬಂದಿದೆ. ಈ ಎರಡು ಬಣ್ಣಗಳನ್ನು ರಕ್ತವು ಹೀರಿಕೊಳ್ಳುವುದರಿಂದ ರಕ್ತನಾಳಗಳು ಕಪ್ಪಾಗಿ ಎದ್ದು ಕಾಣುತ್ತವೆ. ಅವು ದಟ್ಟವಾಗಿ ಕೂಡಿದ ಹುಣ್ಣಿನ ಜಾಗ ಗುರುತಾಗುತ್ತದೆ. ಕ್ಯಾನ್ಸರಿನ ಆರಂಭವೂ ಕೆಲವೊಮ್ಮೆ ಹೀಗೆಯೇ ಕಾಣುವುದರಿಂದ, ಸಂಶಯವಿದ್ದಲ್ಲಿ ಚೂರು ತೆಗೆದು ಪರೀಕ್ಷಿಸುತ್ತಾರೆ.

ಹುಣ್ಣು ಸಿಕ್ಕರೆ ಅದನ್ನು ಸುಟ್ಟು ಅಥವಾ ಅಲ್ಲಿಗೇ ಔಷಧಿ ಚುಚ್ಚಿ ಅನೇಕರಿಗೆ ನೋವು ತಗ್ಗಿಸಬಹುದು. ಮರುಕಳಿಸಿದರೆ ಮತ್ತೆ ಮಾಡಬೇಕಾಗುತ್ತದೆ. ಹುಣ್ಣು ಕಾಣದಿದ್ದರೆ ಬೇನೆ ಇಲ್ಲವೆಂದಲ್ಲ. ಹೆಚ್ಚಿನ ರೋಗಿಗಳಲ್ಲಿ ಹುಣ್ಣೇ ಇರುವುದಿಲ್ಲ. ಅವರಿಗೆ ಬೇರೆ ಚಿಕಿತ್ಸೆ ಇದೆ.

ಸವದತ್ತಿ ಸೀಮೆಯಲ್ಲಿ ಹೊಲ-ತೋಟಕ್ಕೆ ಹೋಗುವ ಹೆಣ್ಣುಮಕ್ಕಳು ಮರೆಯಿಲ್ಲವೆಂದು ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೂತ್ರ ಗಟ್ಟಿಯಾದರೆ ಉರಿ ಹೆಚ್ಚಬಹುದು. ನೋವು ಆರು ವಾರ ದಾಟಿದರೆ ನಾಚಿಕೆ ಬಿಟ್ಟು ಹೇಳಲಿ. ಮನೆಯ ಯಜಮಾನರು ಕೇಳಿಸಿಕೊಳ್ಳಲಿ. ಮೂತ್ರದಲ್ಲಿ ರಕ್ತ ಕಂಡರಂತೂ ಒಂದು ದಿನವೂ ತಡಮಾಡಬಾರದು. ಎಷ್ಟು ಹೊತ್ತಿಗೆ, ಎಷ್ಟು ಸಲ ಮೂತ್ರಕ್ಕೆ ಹೋದರೆಂದು ಮೂರು ದಿನ ಬರೆದಿಟ್ಟುಕೊಂಡು, ಹಳೆಯ ಪರೀಕ್ಷಾ ಚೀಟಿಗಳೊಂದಿಗೆ ಬೆಳಗಾವಿ ಅಥವಾ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯ ಮೂತ್ರರೋಗ ತಜ್ಞರನ್ನು ಕಾಣಬೇಕು.

ಕಾಫಿ ಬೆಳೆಗಾರರಾದರೂ ಒಂದು ಮಾತು ಮುಚ್ಚಿಡಲಾರೆವು: ಕಾಫಿ, ಖಾರ, ಹುಳಿ ಕೆಲವರಲ್ಲಿ ಈ ನೋವನ್ನು ಕೆರಳಿಸುತ್ತವೆ. ಅಂಥವರು ಕೆಲವು ವಾರ ಬಿಟ್ಟು ನೋಡಲಿ. ಒಂದು ಲೋಟ ಕಾಫಿಗಿಂತ ನೆಮ್ಮದಿಯ ನಿದ್ದೆ ದೊಡ್ಡದು.