ಉರಿ ಅಲ್ಲ, ಕೆಂಡ ಬೇಕು

ರಜೆ ಬಂತಂದ್ರೆ ಖಾನಾಪುರ ತಾಲೂಕಿನ ಬೀಡಿ ಕಡೆಯ ಹೊಲಗಳಲ್ಲಿ ಸಲಾಕೆಗೆ ಕೋಳಿ ಚುಚ್ಚಿ ಸುಡೋ ಪ್ಲಾನ್ ಹಾಕೋ ಗೆಳೆಯರು ಬಹಳ. ಆದರೆ ಕೋಳಿ ಹೊರಗೆ ಕರಕಲು, ಎಲುಬಿನ ಹತ್ತಿರ ಹಸಿ! ಇದು ಮಸಾಲೆ ತಪ್ಪಲ್ಲ, ಬೆಂಕಿ ತಪ್ಪು.

ಉರಿ ಗಾಳಿಗೆ ಓಲಾಡುತ್ತೆ, ಮಾಂಸಕ್ಕೆ ಮಸಿ ಹಚ್ಚುತ್ತೆ. ಕೆಂಡ ಒಂದೇ ಸಮನೆ ಕಾವು ಕೊಡುತ್ತೆ, ಅದೂ ಹೆಚ್ಚಾಗಿ ವಿಕಿರಣದ ಮೂಲಕ. ಸ್ಟೀಫನ್-ಬೋಲ್ಟ್ಸ್‌ಮನ್ ನಿಯಮ ನೆನಪಿದೆಯಲ್ಲ? ಕೆಂಡದ ತಾಪ 800ರಿಂದ 900 ಕೆಲ್ವಿನ್‌ಗೆ ಏರಿದರೆ ಹೊಮ್ಮುವ ಶಾಖ ಸುಮಾರು 1.6 ಪಟ್ಟಾಗುತ್ತೆ. ಬೀಸಣಿಗೆ ಜೋರಾಗಿ ಬೀಸಿದರೆ ತೊಗಲು ಸೀಯೋದು ಇದಕ್ಕೇ.

ಜಾಲಿಯಂಥ ಗಟ್ಟಿ, ಒಣ ಕಟ್ಟಿಗೆ ಆರಿಸ್ರಿ. ಹಸಿ ಕಟ್ಟಿಗೆಯ ಒಂದು ಕಿಲೋ ನೀರು ಆವಿಯಾಗೋಕೇ ಸುಮಾರು 2.26 ಮೆಗಾಜೂಲ್ ಶಾಖ ಹೋಗುತ್ತೆ, ಉಳಿಯೋದು ಹೊಗೆ. ಬಣ್ಣ ಬಳಿದ ಹಲಗೆ, ಪ್ಲೈವುಡ್ ಬೇಡ. ಕಣಗಿಲೆ ವಿಷದ ಗಿಡ, ಅದರ ಕಡ್ಡಿ ಸಲಾಕೆಗೂ ಬೇಡ, ಒಲೆಗೂ ಬೇಡ.

ಬೆಂಕಿ ಎರಡು ಇರಲಿ. ಒಂದು ಪಕ್ಕದಲ್ಲಿ ಉರೀತಾ ಕೆಂಡ ತಯಾರು ಮಾಡಲಿ. ಅಲ್ಲಿಂದ ಬೂದಿ ಮುಸುಕಿದ ಕೆಂಡವನ್ನು ಸಲಿಕೆಯಿಂದ ತಂದು ಸಲಾಕೆಯ ಎರಡೂ ಬದಿಗೆ ಸಾಲಾಗಿ ಹರಡ್ರಿ. ಕೋಳಿಯ ನೇರ ಕೆಳಗೆ ಕೆಂಡ ಬೇಡ, ಒಂದು ತಟ್ಟೆ ಇಡ್ರಿ. ಕೊಬ್ಬು ಕೆಂಡದ ಮೇಲೆ ಬಿದ್ದರೆ ಭಗ್ ಅಂತ ಉರಿ ಏಳುತ್ತೆ.

ಕಾವು ನೋಡೋಕೆ ಕೋಳಿ ಇರೋ ಎತ್ತರದಲ್ಲಿ ಅಂಗೈ ಹಿಡೀರಿ. ನಾಲ್ಕೈದು ಸೆಕೆಂಡ್ ತಾಳಿದರೆ ಹದ. ಎರಡಕ್ಕೇ ಕೈ ಹಿಂದೆಗೆದರೆ ಸಲಾಕೆ ಮೇಲೆತ್ತಿ. ಮಾಂಸದೊಳಗೆ ಶಾಖ ನಿಧಾನವಾಗಿ ಹೋಗುತ್ತೆ. ತಿರುಗಿಸ್ತಾ ಇದ್ದರೆ ಪ್ರತಿ ಭಾಗಕ್ಕೂ ಸ್ವಲ್ಪ ಬಿಡುವು ಸಿಗುತ್ತೆ, ಹೊರಗೆ ಸೀಯೋ ಮೊದಲೇ ಒಳಗೂ ಬೇಯುತ್ತೆ. ತೊಡೆಯ ದಪ್ಪ ಜಾಗದಲ್ಲಿ, ಎಲುಬಿಗೆ ತಾಗದ ಹಾಗೆ ಥರ್ಮಾಮೀಟರ್ ಚುಚ್ಚಿದಾಗ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಬಣ್ಣ ನೋಡಿ ಬೆಂದಿದೆ ಅನ್ನಬೇಡ್ರಿ.

ಇನ್ನು ಜಾಗದ ಮಾತು. ಇದೇ ತಾಲೂಕಿನಲ್ಲಿ ಭೀಮಗಡ ವನ್ಯಜೀವಿ ಧಾಮ ಇದೆ. ಅಭಯಾರಣ್ಯಕ್ಕೆ ಬೆಂಕಿ ಹಚ್ಚೋದು, ಆರಿಸದೆ ಬಿಟ್ಟು ಬರೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಕಾಡಿನ ಹತ್ತಿರ ಒಲೆ ಹೂಡೋದೇ ಬೇಡ. ಹೊಲದಲ್ಲಾದರೂ ಯಜಮಾನರನ್ನು ಕೇಳಿ, ಸುತ್ತ ಮೂರು ಮೀಟರ್ ಒಣ ಹುಲ್ಲು ಕೆರೆದು, ಎರಡು ಬಕೆಟ್ ನೀರು ಇಟ್ಟುಕೊಂಡೇ ಕಡ್ಡಿ ಗೀರ್ರಿ. ಬೇಸಿಗೆಯಲ್ಲಿ ಗಾಳಿ ಜೋರಿದ್ದರೆ ಆವತ್ತು ಮನೆ ಒಲೆಯೇ ಸಾಕು.

ಊಟ ಮುಗಿದ ಮೇಲೆ ನೀರು ಹಾಕಿ, ಕೆದಕಿ, ಮತ್ತೆ ನೀರು ಹಾಕ್ರಿ. ಮುಂಗೈ ಹತ್ತಿರ ಹಿಡಿದರೂ ಬಿಸಿ ತಾಗಬಾರದು. ಬೂದಿ ತಣ್ಣಗಾದ ಮೇಲೇ ಬೈಕ್ ಹತ್ರಿ.